ಪಿಜೆ ಹಾರ್ವಿಯ 'ರಿಡ್ ಆಫ್ ಮಿ': ದನಿ ಯಾಕೆ ಅಷ್ಟು ಹಿಂದೆ, ಸದ್ದು ಯಾಕೆ ಅಷ್ಟು ಮುಂದೆ?

ಒಂಟಿತಂತಿ ಕೇಳಿದ್ದು:

ಇಂಗ್ಲೆಂಡಿನ ರಾಕ್ ಗಾಯಕಿ ಪಿಜೆ ಹಾರ್ವಿ ಅವರ 1993ರ ಆಲ್ಬಂ 'ರಿಡ್ ಆಫ್ ಮಿ'ಯನ್ನು ಚೆನ್ನಾಗಿ ಬಲ್ಲವರು ಇಲ್ಲಿದ್ದರೆ ದಯವಿಟ್ಟು ದಾರಿ ತೋರಿಸಿ. ಹೆಣ್ಣಿನ ಸಿಟ್ಟು, ಬಯಕೆ, ಸಂಕಟ ರಾಕ್‌ನಲ್ಲಿ ಇಷ್ಟು ನೇರವಾಗಿ ಬಂದದ್ದು ಅಪರೂಪ ಎಂದು ಎಲ್ಲರೂ ಹೊಗಳುತ್ತಾರೆ. ಹೊಗಳಿಕೆ ಅರ್ಥವಾಗುತ್ತದೆ, ಆಲ್ಬಂ ಮಾತ್ರ ಒಲಿಯುತ್ತಿಲ್ಲ.

ಮುಖ್ಯ ತೊಡಕು ಸದ್ದಿನದು. ಮೊದಲ ಹಾಡಿನ ಶುರುವಾತು ಕೇಳಿಸುವುದೇ ಇಲ್ಲ. ವಾಲ್ಯೂಮ್ ಏರಿಸಿದರೆ ನಡುವೆ ಎಲ್ಲವೂ ಒಮ್ಮೆಲೇ ಸಿಡಿಯುತ್ತದೆ, ಇಳಿಸಿದರೆ ಪಿಸುಮಾತು ಮತ್ತೆ ಮಾಯ. ಇದು ಧ್ವನಿಮುದ್ರಣದ ದೋಷವೋ, ಬೇಕೆಂದೇ ಮಾಡಿದ್ದೋ? ಹಾಡುವವರ ದನಿ ಎಷ್ಟೋ ಕಡೆ ಡ್ರಮ್ಸ್ ಮತ್ತು ಗಿಟಾರ್‌ನ ಅಡಿಯಲ್ಲಿ ಹೂತುಹೋಗಿದೆ. ಭಾವನೆಯೇ ಮುಖ್ಯವಾದ ಆಲ್ಬಂನಲ್ಲಿ ದನಿಯನ್ನೇ ಹಿಂದಕ್ಕೆ ತಳ್ಳುವುದು ಯಾವ ನ್ಯಾಯ?

ಸಾಹಿತ್ಯದ ಬಗ್ಗೆಯೂ ಒಂದು ಪ್ರಶ್ನೆ. ಬಿಟ್ಟುಹೋದವನನ್ನು ಕಟ್ಟಿಹಾಕುತ್ತೇನೆ ಎನ್ನುವ, ಕಾಲು ಕತ್ತರಿಸುವ ಮಾತಾಡುವ ಹಾಡುಗಳನ್ನು ಆಕೆಯ ಸ್ವಂತ ಬದುಕಿನ ಪುಟಗಳೆಂದು ಓದಬೇಕೆ? ಫೋನ್ ಮತ್ತು ಬ್ಲೂಟೂತ್ ಹೆಡ್‌ಫೋನ್‌ನಲ್ಲಿ ಕೇಳುತ್ತಿರುವುದು, ಅದೂ ಒಂದು ಕಾರಣವಿರಬಹುದು.

---

ಮಂದ್ರಸ್ಥಾಯಿ ಉತ್ತರ:

ದೋಷವಲ್ಲ, ಬೇಕೆಂದೇ ಮಾಡಿದ್ದು. ಆ ಏರಿಳಿತವೇ ಆಲ್ಬಂನ ಬೆನ್ನೆಲುಬು.

ಮುದ್ರಣ ಹೇಗೆ ನಡೆಯಿತು ಎಂದು ತಿಳಿದರೆ ಅರ್ಧ ಗೊಂದಲ ಕಳೆಯುತ್ತದೆ. ಆಗ 'ಪಿಜೆ ಹಾರ್ವಿ' ಎಂಬುದು ಮೂವರ ತಂಡದ ಹೆಸರೂ ಹೌದು: ಗಿಟಾರ್ ಮತ್ತು ದನಿಗೆ ಹಾರ್ವಿ, ಡ್ರಮ್ಸ್‌ಗೆ ರಾಬ್ ಎಲ್ಲಿಸ್, ಬೇಸ್‌ಗೆ ಸ್ಟೀವ್ ವಾನ್. ಮೊದಲ ಆಲ್ಬಂ 'ಡ್ರೈ' 1992ರಲ್ಲಿ ಟೂ ಪ್ಯೂರ್ ಎಂಬ ಸಣ್ಣ ಕಂಪನಿಯಿಂದ ಬಂದಿತ್ತು. ಎರಡನೆಯದನ್ನು ಐಲ್ಯಾಂಡ್ ಎಂಬ ದೊಡ್ಡ ಕಂಪನಿಗೆ ಮಾಡುವಾಗ ಸದ್ದನ್ನು ನಯಗೊಳಿಸುವ ಅವಕಾಶ ಅವರಿಗಿತ್ತು. ಅವರು ಆರಿಸಿಕೊಂಡದ್ದು ಅದರ ವಿರುದ್ಧ ದಾರಿಯನ್ನು. 1992ರ ಡಿಸೆಂಬರ್‌ನಲ್ಲಿ ಅಮೆರಿಕದ ಮಿನ್ನೆಸೋಟಾ ರಾಜ್ಯದ ಕ್ಯಾನನ್ ಫಾಲ್ಸ್‌ನಲ್ಲಿರುವ ಪ್ಯಾಕಿಡರ್ಮ್ ಸ್ಟುಡಿಯೋದಲ್ಲಿ ಸ್ಟೀವ್ ಆಲ್ಬಿನಿ ಜೊತೆ ಕೂತರು. ಪಿಕ್ಸೀಸ್ ತಂಡದ 'ಸರ್ಫರ್ ರೋಸಾ' (1988) ಮುದ್ರಿಸಿದವರು ಈತನೇ. ಎರಡು ತಿಂಗಳ ನಂತರ, 1993ರ ಫೆಬ್ರವರಿಯಲ್ಲಿ, ಇದೇ ಸ್ಟುಡಿಯೋದಲ್ಲಿ ಇದೇ ಆಲ್ಬಿನಿ ನಿರ್ವಾನಾ ತಂಡದ 'ಇನ್ ಯುಟೆರೊ' ಮುದ್ರಿಸಿದರು.

2024ರ ಮೇ ತಿಂಗಳಲ್ಲಿ ತೀರಿಕೊಂಡ ಆಲ್ಬಿನಿ, ತಮ್ಮನ್ನು ನಿರ್ಮಾಪಕ ಎಂದು ಕರೆಯುವುದನ್ನು ಒಪ್ಪುತ್ತಿರಲಿಲ್ಲ, ಮುದ್ರಿಸಿದವರು ಎಂದಷ್ಟೇ ಹಾಕಿ ಎನ್ನುತ್ತಿದ್ದರು. ರಾಯಲ್ಟಿ ಬೇಡ, ಕೆಲಸದ ಸಂಬಳ ಸಾಕು ಎಂಬುದು ಅವರ ನಿಯಮ. ತಂಡ ಕೋಣೆಯಲ್ಲಿ ಒಟ್ಟಿಗೆ ನುಡಿಸಿದಾಗ ಹುಟ್ಟುವ ಸದ್ದನ್ನು ಟೇಪಿಗೆ ಇಳಿಸುವುದೇ ಅವರಿಗೆ ಮುಖ್ಯ. ಡ್ರಮ್ಸ್‌ಗೆ ಹತ್ತಿರದ ಮೈಕ್‌ಗಳ ಜೊತೆ ದೂರದಲ್ಲಿ, ನೆಲದ ಬಳಿ ಕೂಡ ಮೈಕ್ ಇಟ್ಟು ಕೋಣೆಯ ಅನುರಣನವನ್ನು ಹಿಡಿಯುತ್ತಿದ್ದರು. ಎಲ್ಲಿಸ್ ಬಾರಿಸುವ ಟಾಮ್‌ಗಳು (ಡ್ರಮ್ಸ್‌ನ ಆಳದನಿಯ ಡೋಲುಗಳು) ಈ ಆಲ್ಬಂನಲ್ಲಿ ಎದೆಗೆ ತಟ್ಟುವುದು ಆ ದೂರದ ಮೈಕ್‌ಗಳಿಂದ. ದನಿಯನ್ನು ಎಲ್ಲದರ ಮೇಲೆ ತೇಲಿಸದೆ ಇನ್ನೊಂದು ವಾದ್ಯದ ಹಾಗೆ ನಡುವೆ ನಿಲ್ಲಿಸುವುದೂ ಅವರ ಅಭ್ಯಾಸ.

ನಮ್ಮ ಕಿವಿ ಸಿನಿಮಾ ಹಾಡು, ಭಾವಗೀತೆಗಳಿಗೆ ಪಳಗಿದ್ದು. ಅಲ್ಲಿ ದನಿ ಮುಂದೆ, ವಾದ್ಯ ಹಿಂದೆ, ಒಂದೊಂದು ಅಕ್ಷರವೂ ಸ್ಪಷ್ಟ. ಅದೇ ನಿರೀಕ್ಷೆಯಲ್ಲಿ ಇಲ್ಲಿಗೆ ಬಂದರೆ ನಿರಾಸೆ ಖಂಡಿತ. ಇಲ್ಲಿ ಹಾಡುವವಳು ಸದ್ದಿನ ವಿರುದ್ಧ ಹೋರಾಡಿ ತನ್ನ ಮಾತು ಕೇಳಿಸಬೇಕು. ದನಿ ಮುಳುಗುವ ಜಾಗಗಳಲ್ಲಿ ಆ ಹೋರಾಟ ಕೇಳಿ. 'ಹುಕ್' ಹಾಡಿನಲ್ಲಂತೂ ದನಿಯೇ ಒಡೆದು ಗೊರಗೊರ ಎನ್ನುತ್ತದೆ, ಮಾತು ಹಿಡಿಯಲು ಕಷ್ಟ. ಆ ಕಷ್ಟವೂ ಹಾಡಿನ ಭಾಗ.

ಈಗ ಫೋನಿನ ವಿಷಯ. ಇದನ್ನು ಸರಿಮಾಡದೆ ಬೇರೆ ಏನು ಹೇಳಿದರೂ ಉಪಯೋಗವಿಲ್ಲ.

ವಾಲ್ಯೂಮ್ ಅನ್ನು ಮೊದಲ ಹಾಡಿನ ಪಿಸುಮಾತಿಗೆ ಹೊಂದಿಸಬೇಡಿ. ಎಂಟನೆಯ ಹಾಡು '50ಫೂಟ್ ಕ್ವೀನಿ' ಹಾಕಿ, ಅದು ಗಟ್ಟಿಯಾಗಿ, ಆದರೆ ಕಿವಿಗೆ ನೋವಾಗದಂತೆ ಕೇಳಿಸುವ ಮಟ್ಟಕ್ಕೆ ತನ್ನಿ. ಆಮೇಲೆ ಮೊದಲಿನಿಂದ ಶುರು ಮಾಡಿ, ವಾಲ್ಯೂಮ್ ಮುಟ್ಟಬೇಡಿ. ಪಿಸುಮಾತು ಕಿವಿಗೊಟ್ಟು ಕೇಳಬೇಕಾದಷ್ಟು ಸಣ್ಣಗಿರುತ್ತದೆ. ನೀವು ಕಿವಿ ಮುಂದೆ ಚಾಚಿದಾಗಲೇ ಸ್ಫೋಟ ಬರಬೇಕು, ಹಾಡನ್ನು ಕಟ್ಟಿರುವುದೇ ಹಾಗೆ.

ಸ್ಪಾಟಿಫೈ ಆದರೆ ಸೆಟ್ಟಿಂಗ್ಸ್‌ನಲ್ಲಿ ಪ್ಲೇಬ್ಯಾಕ್‌ಗೆ ಹೋಗಿ ವಾಲ್ಯೂಮ್ ಲೆವೆಲ್ 'ಲೌಡ್' ಎಂದಿದ್ದರೆ 'ನಾರ್ಮಲ್'ಗೆ ಬದಲಿಸಿ. ಲೌಡ್‌ನಲ್ಲಿ ಗುರಿ -11 ಲಫ್ಸ್ (ಹಾಡಿನ ಸರಾಸರಿ ಗಟ್ಟಿತನದ ಅಳತೆ), ಅದನ್ನು ಮುಟ್ಟಲು ಸದ್ದಿನ ತುದಿಗಳನ್ನು ಅದುಮುವ ಲಿಮಿಟರ್ ಕೆಲಸ ಮಾಡುತ್ತದೆ. ಡ್ರಮ್ಸ್‌ನ ತುದಿಗಳು ಸವೆದು, ಸ್ಫೋಟದ ಏಟು ಸಪ್ಪೆಯಾಗುತ್ತದೆ. ನಾರ್ಮಲ್‌ನ ಗುರಿ -14. ಈ ಹೊಂದಾಣಿಕೆ ಇಡೀ ಹಾಡಿಗೆ ಒಂದೇ ಪ್ರಮಾಣದಲ್ಲಿ ಆಗುವುದರಿಂದ ಒಂದು ಹಾಡಿನೊಳಗಿನ ಏರಿಳಿತ ಹಾಗೇ ಉಳಿಯುತ್ತದೆ. ಹಾಡುಗಳ ನಡುವಿನ ಏರಿಳಿತ ಉಳಿಯಬೇಕಾದರೆ ಆಲ್ಬಂ ತೆರೆದು ಅನುಕ್ರಮದಲ್ಲೇ ಕೇಳಿ. ಷಫಲ್ ಹಾಕಿದರೆ ಒಂದೊಂದು ಹಾಡೂ ಪ್ರತ್ಯೇಕವಾಗಿ ಸಮನಾಗುತ್ತದೆ. ಫೋನ್ ಮತ್ತು ಹೆಡ್‌ಫೋನ್‌ನಲ್ಲಿರುವ 'ಅಡಾಪ್ಟಿವ್ ಸೌಂಡ್', 'ಸರೌಂಡ್', 'ವಾಯ್ಸ್ ಬೂಸ್ಟ್' ಬಗೆಯ ಎಲ್ಲವನ್ನೂ ಆಫ್ ಮಾಡಿ. ಟಿವಿಯಲ್ಲಿ ಕೇಳುವವರು 'ನೈಟ್ ಮೋಡ್' ತೆಗೆಯಲೇಬೇಕು. ಅದರ ಕೆಲಸವೇ ಸಣ್ಣ ಸದ್ದನ್ನು ಏರಿಸಿ ದೊಡ್ಡದನ್ನು ಇಳಿಸುವುದು.

ಫೋನಿನ ಸ್ಪೀಕರ್‌ನಲ್ಲಿ ಕೇಳಲೇಬೇಡಿ. ಸುಮಾರು 300 ಹರ್ಟ್ಸ್‌ಗಿಂತ ಕೆಳಗಿನದ್ದೆಲ್ಲ ಅಲ್ಲಿ ಸೋರಿಹೋಗುತ್ತದೆ. ಬೇಸ್ ಇಲ್ಲ, ಟಾಮ್ ಇಲ್ಲ, ಉಳಿಯುವುದು ಗಿಟಾರ್‌ನ ಕರಕರ ಮಾತ್ರ. ಅದು ಇರುವುದು 2ರಿಂದ 5 ಕಿಲೋಹರ್ಟ್ಸ್‌ನಲ್ಲಿ, ಮನುಷ್ಯನ ಕಿವಿ ಅತಿ ಸೂಕ್ಷ್ಮವಾಗಿರುವ ಜಾಗದಲ್ಲಿ. ಆಲ್ಬಂ ಕರ್ಕಶ ಎನ್ನುವವರಲ್ಲಿ ಅನೇಕರ ದೂರು ನಿಜವಾಗಿ ಈ ಸ್ಪೀಕರ್‌ನ ಮೇಲಿನದು. ಮನೆಯಲ್ಲಿ ಇತರರಿದ್ದು ಮೆಲ್ಲಗೆ ಕೇಳಬೇಕಾದರೆ ಈಕ್ವಲೈಸರ್‌ನಲ್ಲಿ 100 ಹರ್ಟ್ಸ್ ಸುತ್ತ 3ರಿಂದ 4 ಡೆಸಿಬೆಲ್ ಏರಿಸಿ, 3 ಕಿಲೋಹರ್ಟ್ಸ್ ಬಳಿ 2 ಇಳಿಸಿ. ಸದ್ದು ಸಣ್ಣದಾದಂತೆ ಕಿವಿಗೆ ಮಂದ್ರದ ಸ್ವರಗಳು ಮೊದಲು ಮರೆಯಾಗುತ್ತವೆ, ಅದಕ್ಕೆ ಈ ಪರಿಹಾರ.

ಕಿವಿಯ ಲೆಕ್ಕವೂ ಇರಲಿ. ದಿನಕ್ಕೆ 85 ಡೆಸಿಬೆಲ್ ಆದರೆ 8 ಗಂಟೆ ಎಂಬುದು ಕೆಲಸದ ಜಾಗಗಳಿಗೆ ಅಮೆರಿಕದ ನಿಯೋಷ್ ಸಂಸ್ಥೆ ಹೇಳುವ ಮಿತಿ. ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧವಾಗುತ್ತದೆ. 94ಕ್ಕೆ ಬಂದರೆ ಒಂದೇ ಗಂಟೆ. ಆಲ್ಬಂ ಇರುವುದು ಮುಕ್ಕಾಲು ಗಂಟೆಗಿಂತ ಚೂರು ಹೆಚ್ಚು. 94ರಲ್ಲಿ ಒಮ್ಮೆ ಕೇಳಿದರೆ ಆ ದಿನದ ಪಾಲು ಬಹುಪಾಲು ಮುಗಿಯಿತು ಎಂದರ್ಥ. ಸರಾಸರಿ 80ರ ಆಸುಪಾಸಿನಲ್ಲಿ ಇಟ್ಟರೂ ಸ್ಫೋಟ ಸ್ಫೋಟವಾಗಿಯೇ ಇರುತ್ತದೆ, ಯಾಕೆಂದರೆ ಅದನ್ನು ದೊಡ್ಡದು ಮಾಡುವುದು ಅದರ ಹಿಂದಿನ ಮೌನ.

---

ಹೊಸ್ತಿಲು ಉತ್ತರ:

ಸದ್ದಿನ ಬಗ್ಗೆ ಮಂದ್ರಸ್ಥಾಯಿ ಅವರು ಹೇಳಿದ್ದಾರೆ, ನಾನು ಸಾಹಿತ್ಯಕ್ಕೆ ಬರುತ್ತೇನೆ.

ಹಾರ್ವಿ ಅವರು ಬೇರೆ, ಹಾಡಿನೊಳಗಿನ 'ಅವಳು' ಬೇರೆ. ಇದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ತಮ್ಮ ಹಾಡುಗಳನ್ನು ದಿನಚರಿಯಂತೆ ಓದುವುದನ್ನು ಹಾರ್ವಿ ಸಂದರ್ಶನಗಳಲ್ಲಿ ಮತ್ತೆ ಮತ್ತೆ ಅಲ್ಲಗಳೆದಿದ್ದಾರೆ. ಲಂಡನ್ನಿನಲ್ಲಿ ಬಳಲಿ, ಹುಟ್ಟೂರಿನ ಸೀಮೆಯಾದ ಡಾರ್ಸೆಟ್‌ಗೆ ಮರಳಿದ ಹೊತ್ತಿನಲ್ಲಿ ಈ ಆಲ್ಬಂನ ಹಲವು ಹಾಡುಗಳು ಹುಟ್ಟಿದವು ಎಂಬುದು ನಿಜ. ಸಂಕಟ ಎಲ್ಲಿಂದ ಬಂತು ಎಂಬುದು ಒಂದು ವಿಷಯ, ಅದನ್ನು ಯಾರ ಬಾಯಲ್ಲಿ ಆಡಿಸಿದರು ಎಂಬುದು ಇನ್ನೊಂದು. ಗಂಡಸು ಕೊಲೆಗಾರನ ಹಾಡು ಹಾಡಿದರೆ ಕಥೆ ಕಟ್ಟುವ ಪ್ರತಿಭೆ ಎನ್ನುತ್ತಾರೆ. ಹೆಂಗಸು ಹಾಡಿದರೆ ಪಾಪ, ಅವಳಿಗೆ ಏನಾಯಿತೋ ಎನ್ನುತ್ತಾರೆ. ಈ ಆಲ್ಬಂಗೆ ಆದ ದೊಡ್ಡ ಅನ್ಯಾಯ ಅದು.

ಪಾತ್ರಗಳನ್ನು ಒಂದೊಂದಾಗಿ ನೋಡಿ. 'ಮಿ-ಜೇನ್'ನಲ್ಲಿ ಮಾತಾಡುವವಳು ಟಾರ್ಜನ್‌ನ ಜೇನ್, ಅವನ ಕೂಗಾಟದಿಂದ ರೋಸಿಹೋದವಳು. 'ಸ್ನೇಕ್'ನಲ್ಲಿ ಬೈಬಲ್ಲಿನ ಈವ್ ಮತ್ತು ಸರ್ಪ, ಎರಡು ನಿಮಿಷವೂ ಇಲ್ಲದ ಹಾಡಿನಲ್ಲಿ ಮೋಸಹೋದವಳ ಕಿರುಚಾಟ. 'ಯೂರಿ-ಜಿ' ಹೆಸರಿನಲ್ಲೇ ಯೂರಿ ಗಗಾರಿನ್ ಇದ್ದಾನೆ, ಒಳಗೆ ಚಂದ್ರನ ಹುಚ್ಚು. 'ಮಿಸ್ಡ್'ನಲ್ಲಿ ಮೇರಿಯ ಹೆಸರು ಬರುತ್ತದೆ, ಕಾಣೆಯಾದವನಿಗಾಗಿ ಕಾಯುವ ಆ ಹಾಡನ್ನು ಯೇಸುವಿನ ಖಾಲಿ ಸಮಾಧಿಯ ಮುಂದೆ ನಿಂತವಳ ಹಾಡೆಂದು ನಾನು ಓದುತ್ತೇನೆ. '50ಫೂಟ್ ಕ್ವೀನಿ'ಯ ಹೆಸರು 1958ರ 'ಅಟ್ಯಾಕ್ ಆಫ್ ದ 50 ಫೂಟ್ ವುಮನ್' ಸಿನಿಮಾವನ್ನು ನೆನಪಿಸುತ್ತದೆ. ಹಾಡು ಸಾಗಿದಂತೆ ಅವಳು ತನ್ನ ಅಳತೆಯನ್ನು ತಾನೇ ಏರಿಸಿಕೊಳ್ಳುತ್ತಾ ಹೋಗುತ್ತಾಳೆ. ಬಡಾಯಿ ಕೊಚ್ಚುವುದು ಹಳೆಯ ಬ್ಲೂಸ್ ಗಾಯಕರ ಮೆಚ್ಚಿನ ವರಸೆ, ಹೆಚ್ಚಾಗಿ ಗಂಡಸರದು. ತಂದೆತಾಯಿಯ ಬ್ಲೂಸ್ ರೆಕಾರ್ಡ್‌ಗಳ ನಡುವೆ ಬೆಳೆದ ಹಾರ್ವಿ ಅದನ್ನು ಎತ್ತಿ ಹೆಣ್ಣಿನ ಬಾಯಿಗೆ ಕೊಟ್ಟಿದ್ದಾರೆ. ಇಷ್ಟು ಖುಷಿಯ ಹಾಡನ್ನು ಬರೀ ಕೋಪ ಎಂದು ಕೇಳಿದರೆ ನಷ್ಟ ನಮ್ಮದೇ.

ಶೀರ್ಷಿಕೆ ಹಾಡನ್ನು ಎಲ್ಲರೂ ಬೆದರಿಕೆ ಎಂದೇ ಕೇಳುತ್ತಾರೆ. ನಾಲ್ಕೂವರೆ ನಿಮಿಷದ ಹಾಡಿನಲ್ಲಿ ಅರ್ಧದ ಹತ್ತಿರ ಬರುವವರೆಗೂ ಅಂಗೈ ಒತ್ತಿ ಮಂಕು ಮಾಡಿದ ಗಿಟಾರ್, ಸಣ್ಣ ದನಿ. ಆ ಸಣ್ಣ ದನಿಯಲ್ಲಿ ಹೇಳುವ ಮಾತುಗಳೇ ಅತ್ಯಂತ ಭೀಕರ, ಬೊಬ್ಬೆ ಹಾಕುವಾಗ ಕೇಳುವುದು ಬರೀ ಪಶ್ಚಾತ್ತಾಪದ ಪ್ರಶ್ನೆ. ನಡುವೆ ತೆಳ್ಳಗೆ, ಎತ್ತರದ ಕಳ್ಳದನಿಯಲ್ಲಿ ಬರುವ ಸಾಲುಗಳನ್ನು ಹಾಡುವವರು ಡ್ರಮ್ಮರ್ ರಾಬ್ ಎಲ್ಲಿಸ್. ಬಹಳ ಜನ ಅದನ್ನು ಹಾರ್ವಿಯದೇ ಇನ್ನೊಂದು ದನಿ ಎಂದುಕೊಳ್ಳುತ್ತಾರೆ. ಕೊನೆಯಲ್ಲಿ ವಾದ್ಯಗಳೆಲ್ಲ ನಿಂತು, ಅದೇ ಸಾಲನ್ನು ಹಾರ್ವಿ ಒಬ್ಬರೇ ಕಿರುಚುತ್ತಾರೆ. ಅಷ್ಟು ಹೊತ್ತು ಬೆದರಿಸುತ್ತಿದ್ದವಳು ಬೇಡುತ್ತಿದ್ದಳು ಎಂಬುದು ಬಯಲಾಗುವ ಜಾಗ ಅದು.

'ರಬ್ ಟಿಲ್ ಇಟ್ ಬ್ಲೀಡ್ಸ್' ಇದಕ್ಕಿಂತ ಸೂಕ್ಷ್ಮ. ತಲೆ ನೇವರಿಸುವೆ ಎಂಬಂಥ ಆರೈಕೆಯ ಮಾತಿನಿಂದ ಶುರುವಾಗಿ, ಆ ಮಾತಿನಲ್ಲಿ ಎಷ್ಟು ಸುಳ್ಳಿದೆ ಎಂಬುದನ್ನು ಗಿಟಾರ್ ಮೊದಲು ಹೇಳಿಬಿಡುತ್ತದೆ, ದನಿ ಆಮೇಲೆ ಒಪ್ಪಿಕೊಳ್ಳುತ್ತದೆ.

'ಮ್ಯಾನ್-ಸೈಜ್' ಎರಡು ಸಲ ಇದೆ, ಆರನೆಯ ಮತ್ತು ಹತ್ತನೆಯ ಹಾಡುಗಳಾಗಿ. ಆರನೆಯದರಲ್ಲಿ ಗಿಟಾರ್ ಇಲ್ಲ, ಎಲ್ಲಿಸ್ ಸಂಯೋಜಿಸಿದ ತಂತಿವಾದ್ಯಗಳ ಸೆಕ್ಸ್‌ಟೆಟ್ (ಆರರ ಮೇಳ) ಇದೆ. ಅದು ಆಲ್ಬಿನಿ ಮುದ್ರಿಸಿದ್ದಲ್ಲ, ಆದ್ದರಿಂದಲೇ ದನಿ ಕಿವಿಯ ಪಕ್ಕದಲ್ಲೇ ನಿಂತಿದೆ. ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಮಾತು ಅದೇ. ಗಂಡಸಿನ ಗಾತ್ರವನ್ನು ತೊಟ್ಟುಕೊಳ್ಳುವವಳು ಒಂದರಲ್ಲಿ ಹುಚ್ಚಿಯಂತೆ ಪಿಸುಗುಟ್ಟುತ್ತಾಳೆ, ಇನ್ನೊಂದರಲ್ಲಿ ಬೀದಿಯಲ್ಲಿ ಎದೆಯುಬ್ಬಿಸಿ ನಡೆಯುತ್ತಾಳೆ. ತಾಳ ಹಾಕುವ ಅಭ್ಯಾಸವಿದ್ದರೆ ಹತ್ತನೆಯದಕ್ಕೆ ಕೈ ತಟ್ಟಿ ನೋಡಿ, ರಿಫ್ (ಮರುಕಳಿಸುವ ಗಿಟಾರ್ ಸಾಲು) ನಾಲ್ಕರ ಲೆಕ್ಕಕ್ಕೆ ಕೂರುವುದಿಲ್ಲ. ನಡಿಗೆ ಸದಾ ಒಂದು ಹೆಜ್ಜೆ ತಪ್ಪಿದಂತೆ ಅನಿಸುವುದು ಅದರಿಂದ.

ಮುಖಪುಟವನ್ನೂ ಇದೇ ಕಣ್ಣಿನಿಂದ ನೋಡಿ. ಮರಿಯಾ ಮೋಕ್ನಾಚ್ ತೆಗೆದ ಕಪ್ಪುಬಿಳುಪು ಚಿತ್ರ: ಸ್ನಾನದ ಕೋಣೆ, ಫ್ಲ್ಯಾಷ್ ಬೆಳಕಿನಲ್ಲಿ ಗಾಳಿಗೆ ಎಸೆದ ಒದ್ದೆ ಕೂದಲು, ಗೋಡೆಯ ಮೇಲೆ ನೀರಿನ ಹನಿ. ಕ್ಷಣ ಆಕಸ್ಮಿಕದಂತೆ ಕಾಣುತ್ತದೆ, ಚೌಕಟ್ಟು ಮಾತ್ರ ಬಹಳ ಯೋಚಿಸಿದ್ದು.

---

ಕ್ಯಾಸೆಟ್‌ಸುರುಳಿ ಉತ್ತರ:

ಮಂದ್ರಸ್ಥಾಯಿ ಅವರೇ, ಆಲ್ಬಿನಿಯ ಮಿಕ್ಸ್ ಅನ್ನು (ದನಿ, ವಾದ್ಯಗಳನ್ನು ಬೆರೆಸಿದ ರೀತಿಯನ್ನು) ಅಷ್ಟು ಸಲೀಸಾಗಿ ಸಮರ್ಥಿಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಕೋಣೆಯ ಸದ್ದು ಅದ್ಭುತ, ನಿಜ. ಆದರೆ 'ಲೆಗ್ಸ್', 'ಯೂರಿ-ಜಿ' ತರದ ಹಾಡುಗಳಲ್ಲಿ ದನಿಯ ಅರ್ಧ ಕೆಲಸ ಡ್ರಮ್ಸ್ ಕೆಳಗೆ ಕಳೆದುಹೋಗಿದೆ. ಹಾರ್ವಿಯ ದನಿಯಲ್ಲಿ ಒಂದೇ ಸಾಲಿನೊಳಗೆ ನರಳಿಕೆ, ಅಣಕ, ಗೊಗ್ಗರು ಮೂರೂ ಬರುತ್ತವೆ. ಅವನ್ನು ಕೇಳಲು ದಾರಿ ಬೇರೆ ಇದೆ.

1993ರ ಅಕ್ಟೋಬರ್‌ನಲ್ಲಿ, ಅಂದರೆ ಆಲ್ಬಂ ಬಂದ ಐದಾರು ತಿಂಗಳಲ್ಲೇ, '4-ಟ್ರ್ಯಾಕ್ ಡೆಮೊಸ್' ಹೊರಬಂತು. ಹಾರ್ವಿ ಮನೆಯಲ್ಲಿ ಒಬ್ಬರೇ ಕೂತು ನಾಲ್ಕು ಟ್ರ್ಯಾಕಿನ ಯಂತ್ರದಲ್ಲಿ ಮಾಡಿಕೊಂಡ ಮುದ್ರಣಗಳು. ಒಟ್ಟು 14 ಹಾಡು. ಎಂಟು 'ರಿಡ್ ಆಫ್ ಮಿ'ಯವು: ಶೀರ್ಷಿಕೆ ಹಾಡು, 'ಲೆಗ್ಸ್', 'ಸ್ನೇಕ್', 'ಹುಕ್', '50ಫೂಟ್ ಕ್ವೀನಿ', 'ಎಕ್ಸ್‌ಟಸಿ', 'ರಬ್ ಟಿಲ್ ಇಟ್ ಬ್ಲೀಡ್ಸ್', 'ಯೂರಿ-ಜಿ'. ಉಳಿದ ಆರು ಆ ಆಲ್ಬಂನಲ್ಲಿ ಇಲ್ಲದವು. ಅವುಗಳಲ್ಲಿ 'ಹಾರ್ಡ್ಲಿ ವೇಟ್' ಮತ್ತು 'ರೀಲಿಂಗ್' ತಪ್ಪಿಸಬೇಡಿ.

ಒಂಟಿತಂತಿ ಅವರು ಮಾಡಬೇಕಾದ್ದು ಇಷ್ಟು. 'ಲೆಗ್ಸ್' ಡೆಮೊ ಮೊದಲು, ಆಲ್ಬಿನಿಯದು ಆಮೇಲೆ. ಡೆಮೊದಲ್ಲಿ ದನಿ ಮುಖದ ಮುಂದೆ ಇರುತ್ತದೆ, ಒಂದೊಂದು ಉಸಿರೂ ಕೇಳಿಸುತ್ತದೆ. ಆ ನಕ್ಷೆ ಕಿವಿಗೆ ಕೂತ ಮೇಲೆ ಆಲ್ಬಂಗೆ ಬಂದರೆ ಹೂತುಹೋದ ದನಿಯನ್ನು ಕಿವಿಯೇ ಹುಡುಕಿ ಹೊರಗೆ ತೆಗೆಯುತ್ತದೆ. 'ಎಕ್ಸ್‌ಟಸಿ'ಗೂ ಹೀಗೇ ಮಾಡಿ, ಸ್ಲೈಡ್ ಗಿಟಾರ್ ಮತ್ತು ದನಿ ಒಂದನ್ನೊಂದು ಅಟ್ಟಿಸಿಕೊಂಡು ಹೋಗುವುದು ಡೆಮೊದಲ್ಲಿ ಇನ್ನೂ ಸ್ಪಷ್ಟ. ಆದರೆ '50ಫೂಟ್ ಕ್ವೀನಿ' ಮಾತ್ರ ಆಲ್ಬಂನದ್ದೇ ಮೇಲು. ಆ ಬಡಾಯಿಗೆ ಹಿಂದೆ ನಿಜವಾದ ಡ್ರಮ್ಸ್ ಬೇಕೇ ಬೇಕು.

ಡೆಮೊದ ಸದ್ದು ಯಾಕೆ ಹಾಗಿದೆ ಎಂದು ಕೇಳುವವರಿಗೆ: ಮಾಮೂಲಿ ಕ್ಯಾಸೆಟ್ ಸೆಕೆಂಡಿಗೆ 4.76 ಸೆಂ.ಮೀ. ಓಡುತ್ತದೆ, ಎರಡು ಬದಿಗೆ ಎರಡೆರಡು ಟ್ರ್ಯಾಕ್. ಮನೆಯ ನಾಲ್ಕು ಟ್ರ್ಯಾಕ್ ಯಂತ್ರಗಳು ನಾಲ್ಕನ್ನೂ ಒಂದೇ ದಿಕ್ಕಿನಲ್ಲಿ ಬಳಸುತ್ತವೆ, ಹಲವು ಇಮ್ಮಡಿ ವೇಗದಲ್ಲಿ ಓಡುತ್ತವೆ. ನಾಲ್ಕಕ್ಕಿಂತ ಹೆಚ್ಚು ಬೇಕಾದರೆ ಮೂರನ್ನು ಬೆರೆಸಿ ನಾಲ್ಕನೆಯದಕ್ಕೆ ಇಳಿಸಿ, ಖಾಲಿಯಾದ ಮೂರನ್ನು ಮತ್ತೆ ತುಂಬಬೇಕು. ಒಮ್ಮೆ ಇಳಿಸಿದರೆ ತಿದ್ದುವಂತಿಲ್ಲ, ಪ್ರತಿ ಸಲವೂ ಟೇಪಿನ ಹಿಸ್ (ಸುಯ್ ಎನ್ನುವ ಸದ್ದು) ಏರುತ್ತದೆ, ತಾರಸ್ಥಾಯಿಯ ಹೊಳಪು ಸವೆಯುತ್ತದೆ. ಹೀಗಾಗಿ ಈ ಯಂತ್ರದ ಮುಂದೆ ಕೂತವರು ಹಾಡಿಗೆ ತೀರಾ ಬೇಕಾದ್ದನ್ನಷ್ಟೇ ಹಾಕುತ್ತಾರೆ.

---

ಒಂಟಿತಂತಿ:

ಎಲ್ಲರಿಗೂ ಧನ್ಯವಾದ. 'ಲೌಡ್' ಸೆಟ್ಟಿಂಗ್ ಇದ್ದದ್ದು ನಿಜ, ಬದಲಿಸಿದೆ. ಎಲ್ಲಿಸ್ ಅವರ ದನಿಯ ವಿಷಯ ಓದಿ ಆ ಜಾಗವನ್ನು ಮತ್ತೆ ಕೇಳಿದಾಗ ಮೈ ಜುಮ್ಮೆಂದಿತು.

ಇನ್ನೊಂದು ಪ್ರಶ್ನೆ. ಮನೆಯಲ್ಲಿ ಒಂದು ಮೈಕ್, ಸಣ್ಣ ಆಡಿಯೋ ಇಂಟರ್‌ಫೇಸ್, ಗಿಟಾರ್, ಟ್ಯೂಬ್ ಆಂಪ್ ಇದ್ದವರು ಇಂಥ ಪಿಸುಮಾತಿನಿಂದ ಕಿರುಚುವವರೆಗಿನ ಹಾಡನ್ನು ಮುದ್ರಿಸುವುದು ಹೇಗೆ? ಪಿಸುಮಾತಿಗೆ ಗೇನ್ (ಮೈಕ್‌ನ ಸದ್ದನ್ನು ಹಿಗ್ಗಿಸುವ ಮಟ್ಟ) ಇಟ್ಟರೆ ಕಿರುಚಿದಾಗ ಒಡೆಯುತ್ತದೆ. ಕಂಪ್ರೆಸರ್ ಹಾಕಿದರೆ ಎಲ್ಲ ಒಂದೇ ಮಟ್ಟ.

---

ಶ್ರುತಿಪೆಟ್ಟಿಗೆ ಉತ್ತರ:

ಗೇನ್ ಅನ್ನು ಯಾವತ್ತೂ ಕಿರುಚುವ ಸಾಲಿಗೆ ಹೊಂದಿಸಿ. ಅತಿ ಗಟ್ಟಿಯಾದ ಅಕ್ಷರ -6 ಡಿಬಿಎಫ್‌ಎಸ್ (ಡಿಜಿಟಲ್ ಮಟ್ಟದ ಅಳತೆ, 0 ಅದರ ಗರಿಷ್ಠ) ದಾಟಬಾರದು. ಆಗ ಪಿಸುಮಾತು -30ರ ಬಳಿ ಇರುತ್ತದೆ, ಮೀಟರ್ ನೋಡಿ ಗಾಬರಿಯಾಗಬೇಡಿ. 24 ಬಿಟ್‌ನಲ್ಲಿ ಮುದ್ರಿಸಿದರೆ ಆಮೇಲೆ ಏರಿಸಲು ಬೇಕಾದಷ್ಟು ಜಾಗ ಇದೆ. ಏರಿಸಿದಾಗ ಕೇಳಿಸುವ ಗದ್ದಲ ಬಹುಪಾಲು ಕೋಣೆಯದ್ದೇ, ಆದ್ದರಿಂದ ಫ್ಯಾನ್, ಫ್ರಿಜ್ ಬಂದ್.

ಉಳಿದ ಕೆಲಸ ಮೈಕ್‌ನಿಂದ ಬಾಯಿಗಿರುವ ದೂರದ್ದು. ದೂರ ಇಮ್ಮಡಿಯಾದರೆ ಮಟ್ಟ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಪಿಸುಮಾತನ್ನು 5 ಸೆಂ.ಮೀ. ದೂರದಿಂದ ಹಾಡಿ, ಕಿರುಚುವಾಗ 20ಕ್ಕೆ ಸರಿದರೆ 12 ಡೆಸಿಬೆಲ್ ನೀವೇ ಕೈಯಾರೆ ಇಳಿಸಿದಂತೆ, ಯಾವ ಕಂಪ್ರೆಸರ್‌ನ ಹಂಗೂ ಇಲ್ಲದೆ. ಎಸ್‌ಎಂ58 ಬಗೆಯ ಡೈನಾಮಿಕ್ ಮೈಕ್ ಕಿರುಚಾಟವನ್ನು ನಿರಾಯಾಸವಾಗಿ ತಡೆಯುತ್ತದೆ. ಕಂಡೆನ್ಸರ್ ಮೈಕ್ ಆದರೆ 10 ಡೆಸಿಬೆಲ್ ಪ್ಯಾಡ್ (ಮಟ್ಟ ಇಳಿಸುವ ಸ್ವಿಚ್) ಹಾಕಿ. ಹತ್ತಿರ ಹೋದಾಗ ಮಂದ್ರ ಉಬ್ಬುತ್ತದೆ, 80ರಿಂದ 100 ಹರ್ಟ್ಸ್‌ನಲ್ಲಿ ಹೈಪಾಸ್ (ಅದರ ಕೆಳಗಿನದ್ದನ್ನು ಸೋಸುವ ಫಿಲ್ಟರ್) ಕೊಡಿ. ಪ, ಬ ಅಕ್ಷರಗಳ ಗಾಳಿ ಹೊಡೆಯುತ್ತಿದ್ದರೆ ಮೈಕ್ ಅನ್ನು ಬಾಯಿಯ ನೇರದಿಂದ ಸ್ವಲ್ಪ ಪಕ್ಕಕ್ಕೆ ತಿರುಗಿಸಿ.

ಗಿಟಾರ್‌ಗೆ ಎರಡು ಸೆಟ್ಟಿಂಗ್ ಬೇಡ. ಆಂಪ್ ಒಂದೇ ಇರಲಿ, ಸ್ವಲ್ಪ ಒಡೆಯುವ ಮಟ್ಟದಲ್ಲಿ. ಸಣ್ಣ ಭಾಗಕ್ಕೆ ಗಿಟಾರ್‌ನ ವಾಲ್ಯೂಮ್ ಗುಬುಟು 3 ಅಥವಾ 4, ದೊಡ್ಡ ಭಾಗಕ್ಕೆ 10. ಟ್ಯೂಬ್ ಆಂಪ್ ತಾನೇ ತಿಳಿಯಾಗುತ್ತದೆ, ತಾನೇ ಕೆರಳುತ್ತದೆ, ಒಂದೇ ವಾದ್ಯ ಸಿಟ್ಟಾದಂತೆ ಕೇಳಿಸುತ್ತದೆ. ಪೆಡಲ್ ತುಳಿದು ಬದಲಿಸಿದರೆ ಬೇರೆ ಗಿಟಾರ್ ಬಂದಂತೆ ಅನಿಸುವುದೇ ಹೆಚ್ಚು. ಮಂಕು ನುಡಿಸುವಾಗ ಅಂಗೈಯ ಅಂಚು ಬ್ರಿಡ್ಜ್ ಮೇಲೆಯೇ ಇರಬೇಕು. ಒಂದು ಬೆರಳಷ್ಟು ಮುಂದೆ ಸರಿದರೂ ಸ್ವರ ಸತ್ತು ಟಕಟಕ ಮಾತ್ರ ಉಳಿಯುತ್ತದೆ, ಹೆಚ್ಚು ಒತ್ತಿದರೆ ಶ್ರುತಿ ಏರುತ್ತದೆ.

ಮಿಕ್ಸ್‌ನಲ್ಲಿ ಜನ ಕೆಡಿಸುವುದು ಮಾಸ್ಟರ್ ಚಾನೆಲ್‌ನಲ್ಲಿ. ಅಲ್ಲಿ 4:1 ಕಂಪ್ರೆಸರ್ (ಮಿತಿ ದಾಟಿದ ಪ್ರತಿ 4 ಡೆಸಿಬೆಲ್ ಅನ್ನು 1ಕ್ಕೆ ಇಳಿಸುವಂಥದ್ದು) ಕೂತಿದ್ದರೆ ಕೋರಸ್ ಬಂದ ಕೂಡಲೇ ಅದು ಇಡೀ ಹಾಡನ್ನು ಅದುಮುತ್ತದೆ. ದೊಡ್ಡದಾಗಬೇಕಾದ ಜಾಗದಲ್ಲಿ ಹಾಡು ಕುಗ್ಗುತ್ತದೆ. ಅದನ್ನು ತೆಗೆದುಬಿಡಿ. ಸಣ್ಣ ಭಾಗ ಮತ್ತು ದೊಡ್ಡ ಭಾಗದ ಸರಾಸರಿ ಮಟ್ಟದಲ್ಲಿ 10 ಡೆಸಿಬೆಲ್ ಅಂತರ ಉಳಿಸಿ. ಕಿವಿಗೆ ಅದು ಸುಮಾರು ಇಮ್ಮಡಿ ಸದ್ದು. ಕೇಳಿಸದ ಪದಗಳಿದ್ದರೆ ಆ ಪದಗಳನ್ನಷ್ಟೇ ಆಟೊಮೇಶನ್‌ನಲ್ಲಿ 2 ಅಥವಾ 3 ಏರಿಸಿ.

ಡ್ರಮ್ಸ್ ಸಿಕ್ಕರೆ ಒಂದು ಮೈಕ್ ಹತ್ತಿರ, ಒಂದು 3ರಿಂದ 5 ಮೀಟರ್ ದೂರ. ಸದ್ದು 1 ಮಿಲಿಸೆಕೆಂಡಿಗೆ ಸುಮಾರು 34 ಸೆಂ.ಮೀ. ಚಲಿಸುತ್ತದೆ, 5 ಮೀಟರ್ ಎಂದರೆ ಹತ್ತಿರ ಹತ್ತಿರ 15 ಮಿಲಿಸೆಕೆಂಡ್ ತಡ. ಕೋಣೆ ಚಿಕ್ಕದಾದರೆ ದೂರದ ಟ್ರ್ಯಾಕನ್ನು ಸಾಫ್ಟ್‌ವೇರ್‌ನಲ್ಲಿ ಇನ್ನೊಂದು 10 ಮಿಲಿಸೆಕೆಂಡ್ ಹಿಂದಕ್ಕೆ ತಳ್ಳಿ, ಕೋಣೆ ಬೆಳೆದಂತೆ ಅನಿಸುತ್ತದೆ. ಆಲ್ಬಿನಿ ಕೂಡ ದೂರದ ಮೈಕ್‌ಗಳನ್ನು ಹೀಗೆ ತಡಮಾಡುತ್ತಿದ್ದರು. ಒಟ್ಟು ತಡ 30 ದಾಟಿದರೆ ಒಂದೇ ಏಟು ಎರಡಾಗಿ ಕೇಳತೊಡಗುತ್ತದೆ. ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ತೆಳ್ಳಗಾದರೆ ದೂರದ ಮೈಕ್‌ನ ಪೊಲಾರಿಟಿ ತಿರುಗಿಸಿ (ಅಂದರೆ ಅದರ ಸದ್ದಿನ ಅಲೆಯನ್ನು ತಲೆಕೆಳಗು ಮಾಡಿ) ನೋಡಿ, ಯಾವುದರಲ್ಲಿ ತೂಕ ಹೆಚ್ಚೋ ಅದನ್ನೇ ಇಟ್ಟುಕೊಳ್ಳಿ.

ಗಂಟಲಿನ ಮಾತು ಎಲ್ಲಕ್ಕಿಂತ ಮುಖ್ಯ. ಪಿಸುಮಾತಿನ ಭಾಗಗಳನ್ನೆಲ್ಲ ಮೊದಲು ಮುಗಿಸಿ, ಕಿರುಚುವುದನ್ನು ಕೊನೆಗೆ ಇಡಿ. ಎರಡು ಮೂರು ಟೇಕ್‌ಗಿಂತ ಹೆಚ್ಚು ಬೇಡ. ಉಸಿರು ಹೊಟ್ಟೆಯಿಂದ ಬರಲಿ, ಕುತ್ತಿಗೆಯ ನರ ಬಿಗಿಯುತ್ತಿದ್ದರೆ ಅಥವಾ ಕೆರೆತ, ನೋವು ಕಂಡರೆ ಅಂದಿಗೆ ನಿಲ್ಲಿಸಿ. ಎರಡು ವಾರ ದಾಟಿದರೂ ದನಿ ಒಡೆದೇ ಇದ್ದರೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಲೇಬೇಕು.

---

ಮಂದ್ರಸ್ಥಾಯಿ:

ಕ್ಯಾಸೆಟ್‌ಸುರುಳಿ ಅವರೇ, 'ಲೆಗ್ಸ್' ವಿಷಯದಲ್ಲಿ ನೀವು ಹೇಳಿದ್ದಕ್ಕೆ ಬಲ ಇದೆ. 'ಯೂರಿ-ಜಿ' ಬಗ್ಗೆ ಒಪ್ಪುವುದಿಲ್ಲ, ಆ ಓಟಕ್ಕೆ ಆ ಗದ್ದಲ ಬೇಕು.

ಒಂಟಿತಂತಿ ಅವರಿಗೆ ಒಂದು ಅನುಕ್ರಮ. ಮೊದಲು '50ಫೂಟ್ ಕ್ವೀನಿ', ಆಮೇಲೆ ಎರಡೂ 'ಮ್ಯಾನ್-ಸೈಜ್', ಆಮೇಲೆ ಡೆಮೊ 'ಲೆಗ್ಸ್', ಆಮೇಲೆ ಇಡೀ ಆಲ್ಬಂ ಒಂದೇ ಪಟ್ಟಿಗೆ ಕೂತು. ಬಾಬ್ ಡಿಲನ್‌ರ 1965ರ 'ಹೈವೇ 61 ರೀವಿಸಿಟೆಡ್' ಏಳನೆಯದಾಗಿ ಬರುತ್ತದೆ. ಮೂಲವನ್ನು ಮೊದಲು ಕೇಳಿದ್ದರೆ ಈ ಮೂವರು ಅದನ್ನು ಎಷ್ಟು ಬಿಚ್ಚಿ ಮರುಜೋಡಿಸಿದ್ದಾರೆ ಎಂಬುದು ಗೊತ್ತಾಗುತ್ತದೆ. ಹೆಸರಿನಿಂದ ಗೊಂದಲವಾಗದಿರಲಿ: 'ಡ್ರೈ' ಎಂಬ ಹಾಡು ಇರುವುದು ಈ ಆಲ್ಬಂನಲ್ಲಿ, 'ಡ್ರೈ' ಎಂಬ ಆಲ್ಬಂನಲ್ಲಿ ಅಲ್ಲ.

ಈ ಮೂವರ ತಂಡ 1993ರಲ್ಲೇ ಮುಗಿಯಿತು. ಮುಂದಿನ 'ಟು ಬ್ರಿಂಗ್ ಯೂ ಮೈ ಲವ್' (1995) ಸಂಗೀತಗಾರ ಜಾನ್ ಪ್ಯಾರಿಶ್, ನಿರ್ಮಾಪಕ ಫ್ಲಡ್ ಜೊತೆ ಮಾಡಿದ್ದು. ಆರ್ಗನ್ ಬಂದಿದೆ, ಜಾಗ ಹೆಚ್ಚಿದೆ, ದನಿ ಮುಂದೆ ನಿಂತಿದೆ. 'ರಿಡ್ ಆಫ್ ಮಿ' ಒಲಿದ ಮೇಲೆ ಅದಕ್ಕೆ ಹೋಗಿ. ಹಿಮ್ಮುಖವಾಗಿ 'ಡ್ರೈ'ಗೆ ಹೋಗುವುದಾದರೆ ಅಲ್ಲಿ ಬೇಸ್ ಮತ್ತು ದನಿ ಎಷ್ಟು ಹತ್ತಿರ ಇವೆ ಎಂಬುದನ್ನು ಗಮನಿಸಿ, ಆಲ್ಬಿನಿ ಬದಲಿಸಿದ್ದು ಏನೆಂದು ಆಗ ಕಿವಿಗೇ ತಿಳಿಯುತ್ತದೆ.